ದೊಡ್ಡ ಅಸೆಂಬ್ಲಿ ತೆವಳುತ್ತಿದ್ದರೆ: ಸಾಲಿಡ್‌ವರ್ಕ್ಸ್‌ನಲ್ಲಿ ದೋಷ ಹುಡುಕುವ ಕ್ರಮ

"ಸಾರ್, ಅಸೆಂಬ್ಲಿ ತುಂಬಾ ಸ್ಲೋ. ರ‍್ಯಾಮ್ ಹಾಕಿಸಿದ್ರೆ ಸರಿಹೋಗುತ್ತಾ?" ಪೀಣ್ಯದ ಕಡೆ ಎಸ್‌ಪಿಎಂ (ಒಂದು ನಿರ್ದಿಷ್ಟ ಕೆಲಸಕ್ಕೆಂದೇ ಕಟ್ಟುವ ಯಂತ್ರ) ಮಾಡುವ ಕಂಪನಿಗಳ ಡಿಸೈನ್ ಆಫೀಸಿನಿಂದ ಬರುವ ಪ್ರಶ್ನೆ ಹೆಚ್ಚಾಗಿ ಇದೇ ಧಾಟಿಯದು. ಅಸೆಂಬ್ಲಿ ಎಂದರೆ ಸಾಲಿಡ್‌ವರ್ಕ್ಸ್ ಎಂಬ ತ್ರೀಡಿ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಬಿಡಿ ಪಾರ್ಟ್‌ಗಳನ್ನು ಜೋಡಿಸಿ ಕಟ್ಟಿದ ಮಾಡೆಲ್. ರ‍್ಯಾಮ್ ಸಾಲದೆ ಬರುವ ತೊಂದರೆ ಇಲ್ಲವೇ ಇಲ್ಲ ಎನ್ನಲಾರೆ. ಆದರೆ 64 ಜಿಬಿ ಹಾಕಿಸಿದ ಮೇಲೂ ಅದೇ ಅಸೆಂಬ್ಲಿ ಅಷ್ಟೇ ತೆವಳುವುದನ್ನು ನೋಡಿದವರಿಗೆ ಗೊತ್ತು, ಬಹಳ ಸಲ ಕಾಯಿಲೆ ಇರುವುದು ಮಾಡೆಲ್‌ನಲ್ಲೇ. ಯಾರೂ ನೋಡದ ವಿವರವನ್ನೆಲ್ಲ ಮೆಮೊರಿಗೆ ತಂದು ಪೇರಿಸಿಕೊಂಡು, ಆಮೇಲೆ ಒಂದೊಂದನ್ನೇ ಹೈಡ್ ಮಾಡುತ್ತಾ ಕೂರುತ್ತೇವೆ. ಏನು ಬೇಕು, ಏನು ಬೇಡ ಎಂದು ಸೋಸುವ ಕೆಲಸ ಫೈಲ್ ಲೋಡ್ ಆಗುವ ಮುಂಚೆಯೇ ಆಗಬೇಕು. ಕೆಳಗಿನದ್ದರಲ್ಲಿ ಬಹುಪಾಲು ಅದೇ ವಿಚಾರ.

ಮೆನು ಹೆಸರುಗಳು ಆವೃತ್ತಿಯಿಂದ ಆವೃತ್ತಿಗೆ ಸ್ವಲ್ಪ ಆಚೀಚೆ ಆಗಿರುತ್ತವೆ. ಹೇಳಿದ ಜಾಗದಲ್ಲಿ ಕಾಣದಿದ್ದರೆ ಮೇಲಿರುವ ಹುಡುಕು ಪೆಟ್ಟಿಗೆಯಲ್ಲಿ ಕಮಾಂಡ್ ಹೆಸರು ಟೈಪ್ ಮಾಡಿ, ಸಿಗುತ್ತದೆ.

ಯಾವುದು ಸ್ಲೋ?

"ಸ್ಲೋ" ಎಂಬ ದೂರಿನೊಳಗೆ ನಾಲ್ಕು ಬೇರೆ ಬೇರೆ ತೊಂದರೆಗಳಿವೆ. ಫೈಲ್ ತೆರೆಯಲು ಹೊತ್ತಾಗುವುದು ಒಂದು. ತೆರೆದ ಮೇಲೆ ಮಾಡೆಲ್ ತಿರುಗಿಸಿದರೆ ತಡವರಿಸುವುದು ಇನ್ನೊಂದು. ಒಂದು ಅಳತೆ ಬದಲಿಸಿದರೆ, ಮೇಟ್ (ಎರಡು ಪಾರ್ಟ್‌ಗಳನ್ನು ಒಂದಕ್ಕೊಂದು ಕೂರಿಸುವ ನಿಯಮ) ಹಾಕಿದರೆ ರೀಬಿಲ್ಡ್, ಅಂದರೆ ಮಾಡೆಲ್ಲನ್ನು ಮತ್ತೆ ಲೆಕ್ಕ ಹಾಕಿ ಕಟ್ಟುವುದು, ಮುಗಿಯದಿರುವುದು ಮೂರನೆಯದು. ನಾಲ್ಕನೆಯದು ಟ್ರೀಯಲ್ಲಿ (ಪರದೆಯ ಪಕ್ಕದಲ್ಲಿ ಕಾಣುವ ಭಾಗಗಳ ಪಟ್ಟಿ) ಬೇಕಾದ ಭಾಗ ಸಿಗದಿರುವುದು, ಸಿಕ್ಕರೂ ಅದೊಂದನ್ನೇ ತೋರಿಸಲು ಒದ್ದಾಡುವುದು. ನಾಲ್ಕಕ್ಕೂ ಕಾರಣ ಬೇರೆ, ಮದ್ದು ಬೇರೆ. ಡಿಸ್‌ಪ್ಲೇ ತೊಂದರೆಗೆ ಮೇಟ್ ಕಡಿಮೆ ಮಾಡಿ ಪ್ರಯೋಜನವಿಲ್ಲ, ರೀಬಿಲ್ಡ್ ತೊಂದರೆಗೆ ಗ್ರಾಫಿಕ್ಸ್ ಕಾರ್ಡ್ ಕೊಂಡು ಪ್ರಯೋಜನವಿಲ್ಲ.

ಬೇರ್ಪಡಿಸುವುದು ಸುಲಭ. ಟಾಸ್ಕ್ ಮ್ಯಾನೇಜರ್ ಪಕ್ಕದಲ್ಲಿಟ್ಟುಕೊಂಡು ಅಸೆಂಬ್ಲಿ ತೆರೆಯಿರಿ. ಡಿಸ್ಕ್ ಅಥವಾ ನೆಟ್‌ವರ್ಕ್ ಗ್ರಾಫ್ ಏರಿಳಿಯುತ್ತಾ, ಸಿಪಿಯು ಸುಮ್ಮನಿದ್ದರೆ ಫೈಲ್ ಬರುವ ದಾರಿಯಲ್ಲೇ ಅಡಚಣೆ. ಸಿಪಿಯು ಒಟ್ಟು 12 ಅಥವಾ 13 ಶೇಕಡಾದಲ್ಲಿ ನಿಂತುಬಿಟ್ಟಿದ್ದು, ನಿಮ್ಮದು 8 ಲಾಜಿಕಲ್ ಪ್ರೊಸೆಸರ್ ಇರುವ ಯಂತ್ರವಾದರೆ, ಒಂದು ಕೋರ್ ಪೂರ್ತಿ ದುಡಿಯುತ್ತಿದೆ, ಉಳಿದವು ಕೈಕಟ್ಟಿ ಕೂತಿವೆ ಎಂದರ್ಥ. ಅದು ರೀಬಿಲ್ಡ್‌ನ ಗುರುತು. ಫೀಚರ್‌ಗಳನ್ನು (ಪಾರ್ಟಿನ ತೂತು, ಉಬ್ಬು ಥರದ ಹಂತಗಳು) ಒಂದಾದ ಮೇಲೊಂದು ಕಟ್ಟಬೇಕಾದ್ದರಿಂದ ಈ ಕೆಲಸ ಬಹುತೇಕ ಒಂದೇ ಕೋರ್‌ನಲ್ಲಿ ಸಾಗುತ್ತದೆ. ಅದಕ್ಕೇ ಈ ಸಾಫ್ಟ್‌ವೇರ್‌ಗೆ ಹೆಚ್ಚು ಕೋರ್‌ಗಿಂತ ಹೆಚ್ಚು ಗಿಗಾಹರ್ಟ್ಸ್ ಉಪಯೋಗ.

ಮುಂದಿನ ಹೆಜ್ಜೆ, ಇವ್ಯಾಲ್ಯುಯೇಟ್ ಟ್ಯಾಬ್‌ನ ಪರ್ಫಾರ್ಮೆನ್ಸ್ ಇವ್ಯಾಲ್ಯುಯೇಷನ್. ತೆರೆಯಲು ಹಿಡಿದ ಸಮಯ, ಡಿಸ್‌ಪ್ಲೇ, ರೀಬಿಲ್ಡ್, ಅಂಕಿಅಂಶ ಎಲ್ಲ ಇದರಲ್ಲಿ ಬೇರೆ ಬೇರೆಯಾಗಿ ಸಿಗುತ್ತವೆ. ಅಂಕಿಅಂಶದ ಭಾಗವನ್ನು ಹೆಚ್ಚಿನವರು ಓದದೆ ಮುಚ್ಚುತ್ತಾರೆ. ಅಲ್ಲಿ ಒಟ್ಟು ಕಾಂಪೊನೆಂಟ್ ಎಷ್ಟು, ಅದರಲ್ಲಿ ಬೇರೆ ಬೇರೆ ಪಾರ್ಟ್ ಫೈಲ್ ಎಷ್ಟು ಎಂದು ಎರಡು ಸಂಖ್ಯೆ ಇರುತ್ತವೆ. ಎಂ6 ಅಲೆನ್ ಬೋಲ್ಟ್‌ನ ಫೈಲ್ ಒಂದೇ, ಅದು ಕೂತಿರುವ ಜಾಗ ಎಂಟುನೂರು ಇರಬಹುದು. ಫೈಲ್ ಒಂದೇ ಸಲ ಮೆಮೊರಿಗೆ ಬರುತ್ತದೆ. ಆದರೆ ಎಂಟುನೂರು ಜಾಗದಲ್ಲೂ ಅದನ್ನು ಬರೆದು ತೋರಿಸಬೇಕು, ಎಂಟುನೂರಕ್ಕೂ ಮೇಟ್ ಲೆಕ್ಕ ಹಾಕಬೇಕು, ಟ್ರೀಯಲ್ಲಿ ಎಂಟುನೂರು ಸಾಲು ಕೊಡಬೇಕು. ಹಾಗಾಗಿ ತೆರೆಯುವ ಹೊತ್ತನ್ನು ಹೆಚ್ಚಾಗಿ ನಿರ್ಧರಿಸುವುದು ಫೈಲ್‌ಗಳ ಸಂಖ್ಯೆ. ತಿರುಗಿಸುವಾಗಿನ ತಡವರಿಕೆಯನ್ನು ನಿರ್ಧರಿಸುವುದು ಒಟ್ಟು ಸಂಖ್ಯೆ ಮತ್ತು ಒಂದೊಂದನ್ನು ಪರದೆಯಲ್ಲಿ ಬಿಡಿಸಲು ಬೇಕಾಗುವ ತ್ರಿಕೋನಗಳು. ಟಾಪ್ ಲೆವೆಲ್ ಮೇಟ್ ಎಷ್ಟು, ಟ್ರೀ ಎಷ್ಟು ಮೆಟ್ಟಿಲು ಆಳ ಎಂಬುದೂ ಅಲ್ಲೇ ಇದೆ, ಬರೆದಿಟ್ಟುಕೊಳ್ಳಿ.

ತೆರೆಯಲೇ ಹೊತ್ತಾಗುತ್ತಿದ್ದರೆ

ಪ್ಯಾಕ್ ಅಂಡ್ ಗೋ (ಸಂಬಂಧಿಸಿದ ಫೈಲ್‌ಗಳನ್ನೆಲ್ಲ ಒಟ್ಟಿಗೆ ನಕಲು ಮಾಡುವ ಕಮಾಂಡ್) ಮಾಡಿ ಇಡೀ ಅಸೆಂಬ್ಲಿಯನ್ನು ನಿಮ್ಮ ಯಂತ್ರದ ಎಸ್‌ಎಸ್‌ಡಿಗೆ ತಂದು, ಅಲ್ಲಿಂದ ತೆರೆದು ನೋಡಿ. ಸರ್ವರ್‌ನಿಂದ ತೆರೆದದ್ದಕ್ಕೂ ಇದಕ್ಕೂ ದೊಡ್ಡ ಅಂತರ ಕಂಡರೆ ಮಾಡೆಲ್ ಮುಟ್ಟುವುದು ಬೇಡ, ನೆಟ್‌ವರ್ಕ್ ನೋಡಿ. ಸಾವಿರಾರು ಸಣ್ಣ ಫೈಲ್‌ಗಳಿಗೆ ಒಂದೊಂದಕ್ಕೂ ಸರ್ವರ್‌ಗೆ ಹೋಗಿ ಬರಬೇಕು. ವೈಫೈನಲ್ಲಿ ಕೂತು ಇದನ್ನು ಮಾಡುವುದೆಂದರೆ ನರಕ. ಆಂಟಿವೈರಸ್ ಪ್ರತಿ ಫೈಲನ್ನೂ ತೆರೆದ ಕ್ಷಣ ಜಾಲಾಡುತ್ತಿದ್ದರೂ ಹೀಗೇ ಆಗುತ್ತದೆ. ಐಟಿಯವರ ಒಪ್ಪಿಗೆ ಪಡೆದು ಡಿಸೈನ್ ಫೋಲ್ಡರ್‌ಗೆ ವಿನಾಯಿತಿ ಕೊಡಿಸಿ ಪರೀಕ್ಷಿಸಿ.

ಇನ್ನೊಂದು ಕಾರಣ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಕೆಲವು ಪಾರ್ಟ್‌ಗಳ ವಿಳಾಸ ಹಿಂದೆ ಇದ್ದು ಈಗ ಇಲ್ಲದ ಸರ್ವರ್ ಕಡೆಗೆ ತಿರುಗಿರುತ್ತದೆ. ಇಲ್ಲದ ಆ ಸರ್ವರ್ ಉತ್ತರ ಕೊಡುವುದಿಲ್ಲ ಎಂದು ಖಾತರಿಯಾಗುವ ತನಕ ವಿಂಡೋಸ್ ಕಾಯುತ್ತದೆ. ಪರದೆ ಹೆಪ್ಪುಗಟ್ಟಿದ ಹಾಗಿರುತ್ತದೆ, ಸಿಪಿಯು, ಡಿಸ್ಕ್, ನೆಟ್‌ವರ್ಕ್ ಮೂರೂ ಸೊನ್ನೆ. ಆ ಲಕ್ಷಣ ಕಂಡರೆ ಫೈಂಡ್ ರೆಫರೆನ್ಸಸ್ ತೆರೆದು ವಿಳಾಸಗಳ ಕಾಲಂ ಮೇಲಿಂದ ಕೆಳಗೆ ಓದಿ. ಸಿಸ್ಟಮ್ ಆಪ್ಷನ್ಸ್‌ನ ಫೈಲ್ ಲೊಕೇಶನ್ಸ್‌ನಲ್ಲಿ ಸತ್ತುಹೋದ ಫೋಲ್ಡರ್‌ಗಳಿದ್ದರೆ ಅವನ್ನೂ ತೆಗೆಯಿರಿ.

ಹಳೆಯ ಆವೃತ್ತಿಯಲ್ಲಿ ಉಳಿಸಿದ ಫೈಲ್‌ಗಳದ್ದು ಬೇರೆ ಕತೆ. ಹೊಸ ಆವೃತ್ತಿಯಲ್ಲಿ ಮತ್ತೆ ಸೇವ್ ಮಾಡುವ ತನಕ ಪ್ರತಿ ಸಲ ತೆರೆದಾಗಲೂ ಅವು ಹೊಸ ರೂಪಕ್ಕೆ ಬದಲಾಗುತ್ತಲೇ ಇರುತ್ತವೆ. ಸ್ಟ್ಯಾಂಡರ್ಡ್ ಪಾರ್ಟ್ ಲೈಬ್ರರಿ ರೀಡ್ ಓನ್ಲಿ ಇರುವ ಕಂಪನಿಗಳಲ್ಲಿ ಇದು ವರ್ಷಗಟ್ಟಲೆ ಮುಂದುವರಿಯುತ್ತದೆ, ಏಕೆಂದರೆ ಯಾರಿಗೂ ಅಲ್ಲಿ ಸೇವ್ ಮಾಡುವ ಅಧಿಕಾರ ಇರುವುದಿಲ್ಲ. ಆವೃತ್ತಿ ಬದಲಾದ ವಾರವೇ ಟಾಸ್ಕ್ ಶೆಡ್ಯೂಲರ್ ಹಾಕಿ ರಾತ್ರಿಯಿಡೀ ಲೈಬ್ರರಿಯನ್ನು ಹೊಸ ಆವೃತ್ತಿಗೆ ಬದಲಿಸಿಬಿಡುವುದು ಒಳ್ಳೆಯದು. ಬ್ಯಾಕಪ್ ತೆಗೆದುಕೊಂಡು ಮಾಡಿ, ಹಳೆಯ ಆವೃತ್ತಿಗೆ ವಾಪಸ್ ಹೋಗುವುದು ಸುಲಭವಲ್ಲ.

ಇವೆಲ್ಲ ಸರಿಯಿದ್ದೂ ಹೊತ್ತಾದರೆ, ನೀವು ತೆರೆಯುತ್ತಿರುವ ರೀತಿ ನೋಡಿಕೊಳ್ಳಿ. ಬರೀ ನೋಡಿ, ಅಳೆದು, ಸೆಕ್ಷನ್ ತೆಗೆದು ಮುಚ್ಚುವುದಾದರೆ ಲಾರ್ಜ್ ಡಿಸೈನ್ ರಿವ್ಯೂ ಸಾಕು. ಅದು ಚಿತ್ರದ ದತ್ತಾಂಶವನ್ನು ಮಾತ್ರ ಎತ್ತಿಕೊಂಡು ಬರುತ್ತದೆ. ಲೈಟ್‌ವೇಟ್‌ನಲ್ಲಿ ಫೀಚರ್‌ಗಳ ವಿವರ ಬೇಕಾದಾಗ ಮಾತ್ರ ಬರುತ್ತದೆ, ಟ್ರೀಯಲ್ಲಿ ಗರಿಯ ಗುರುತು ಕಾಣುತ್ತದೆ. ರಿಸಾಲ್ವ್ಡ್ ಎಂದರೆ ಎಲ್ಲವೂ. ಎಷ್ಟು ಕಾಂಪೊನೆಂಟ್ ದಾಟಿದರೆ ದೊಡ್ಡ ಅಸೆಂಬ್ಲಿಯ ಸೆಟ್ಟಿಂಗ್ ತಾನಾಗಿ ಜಾರಿಗೆ ಬರಬೇಕು ಎಂಬ ಮಿತಿ ಸಿಸ್ಟಮ್ ಆಪ್ಷನ್ಸ್‌ನಲ್ಲಿದೆ, ಇನ್‌ಸ್ಟಾಲ್ ಆದಾಗ 500 ಇರುತ್ತದೆ. "ಕಿರಿಕಿರಿ" ಎಂದು ಯಾರೋ ಅದನ್ನು ಆಫ್ ಮಾಡಿಟ್ಟಿರುವುದು ಸಾಮಾನ್ಯ.

ತಿರುಗಿಸಿದರೆ ತಡವರಿಸುತ್ತಿದ್ದರೆ

ಇಲ್ಲಿ ಮೊದಲು ಕಾರ್ಡ್ ಮತ್ತು ಡ್ರೈವರ್ ಮೇಲಿನ ಅನುಮಾನ ತೀರಿಸಿಕೊಳ್ಳಿ. ಎಲ್ಲ ಫೈಲ್ ಮುಚ್ಚಿ, ಸಿಸ್ಟಮ್ ಆಪ್ಷನ್ಸ್‌ನ ಪರ್ಫಾರ್ಮೆನ್ಸ್ ಪುಟಕ್ಕೆ ಹೋಗಿ. ಅಲ್ಲಿ ಯೂಸ್ ಸಾಫ್ಟ್‌ವೇರ್ ಓಪನ್‌ಜಿಎಲ್ ಎಂಬ ಟಿಕ್ ಇದೆ. ಯಾವ ಫೈಲೂ ತೆರೆದಿಲ್ಲದಿದ್ದರೂ ಅದು ಟಿಕ್ ಆಗಿ ಮಸುಕಾಗಿದ್ದರೆ, ನಿಮ್ಮ ಕಾರ್ಡನ್ನು ಸಾಲಿಡ್‌ವರ್ಕ್ಸ್ ಬಳಸುತ್ತಲೇ ಇಲ್ಲ, ಚಿತ್ರ ಬಿಡಿಸುವ ಕೆಲಸವೆಲ್ಲ ಸಿಪಿಯು ತಲೆಗೆ ಬಿದ್ದಿದೆ. ಡ್ರೈವರ್ ಬದಲಿಸಿ. ಎರಡು ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ದುಬಾರಿ ಕಾರ್ಡ್ ಮಲಗಿದ್ದು, ಒಳಗಿನ ಸಾದಾ ಗ್ರಾಫಿಕ್ಸ್ ಮೇಲೆ ಎಲ್ಲ ಓಡುತ್ತಿರುವುದೂ ಉಂಟು. ಟಾಸ್ಕ್ ಮ್ಯಾನೇಜರ್‌ನಲ್ಲಿ ಜಿಪಿಯು ಎಂಜಿನ್ ಕಾಲಂ ಹಾಕಿಕೊಂಡರೆ ಯಾವುದು ದುಡಿಯುತ್ತಿದೆ ಎಂದು ತಿಳಿಯುತ್ತದೆ. ವಿಂಡೋಸ್‌ನ ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ ಈ ಪ್ರೋಗ್ರಾಮ್‌ಗೆ ದೊಡ್ಡ ಕಾರ್ಡನ್ನೇ ಗೊತ್ತುಮಾಡಿ.

ಕಾರ್ಡ್ ಸರಿಯಿದೆ ಎಂದಾದರೆ ಉಳಿಯುವುದು ತ್ರಿಕೋನಗಳ ಲೆಕ್ಕ. ಪರದೆಗೆ ಬರುವ ಪ್ರತಿ ಬಾಗು ಮೇಲ್ಮೈಯೂ ಸಣ್ಣ ಸಣ್ಣ ತ್ರಿಕೋನಗಳಾಗಿ ಒಡೆದೇ ಬರುತ್ತದೆ. ಚಪ್ಪಟೆ ಪ್ಲೇಟಿಗೆ ಬೆರಳೆಣಿಕೆಯಷ್ಟು ಸಾಕು, ಉರುಟು ಇದ್ದಷ್ಟೂ ಹೆಚ್ಚು. ನಿಜವಾದ ಥ್ರೆಡ್ ಕತ್ತರಿಸಿದ ಬೋಲ್ಟಿಗೆ 5,000 ತ್ರಿಕೋನ ಅಂದುಕೊಳ್ಳೋಣ. ಎಂಟುನೂರು ಬೋಲ್ಟಿಗೆ 40 ಲಕ್ಷ. ಪರದೆಯಲ್ಲಿ ಆ ಬೋಲ್ಟ್ ಸಾಸಿವೆಯಷ್ಟೂ ಕಾಣುತ್ತಿರುವುದಿಲ್ಲ.

ಕಳ್ಳನನ್ನು ಹಿಡಿಯಲು ಅಸೆಂಬ್ಲಿ ವಿಷುವಲೈಸೇಶನ್ ತೆರೆಯಿರಿ. ಅದರ ಮೇಲ್ಭಾಗದಲ್ಲಿರುವ ಪರ್ಫಾರ್ಮೆನ್ಸ್ ಅನಾಲಿಸಿಸ್ ಬಟನ್ ಒತ್ತಿದರೆ ಪ್ರತಿ ಕಾಂಪೊನೆಂಟಿನ ತ್ರಿಕೋನ, ತೆರೆಯುವ ಸಮಯ, ರೀಬಿಲ್ಡ್ ಸಮಯ ಕಾಲಂಗಳಾಗಿ ಬರುತ್ತವೆ. ಸಬ್‌ಅಸೆಂಬ್ಲಿಗಳ ಮೆಟ್ಟಿಲು ತೆಗೆದು ಬರೀ ಪಾರ್ಟ್‌ಗಳ ಪಟ್ಟಿಗೆ ಬದಲಾಯಿಸಿ, ತ್ರಿಕೋನದ ಕಾಲಂ ಮೇಲೆ ಕ್ಲಿಕ್ ಮಾಡಿ ಇಳಿಕೆ ಕ್ರಮಕ್ಕೆ ತನ್ನಿ. ಮೇಲಿನ ಹತ್ತು ಸಾಲು ಓದಿದರೆ ಸಾಕು. ಅಲ್ಲಿ ನಿಮ್ಮವರು ಡಿಸೈನ್ ಮಾಡಿದ ಪಾರ್ಟ್ ಕಾಣುವುದು ಅಪರೂಪ. ಕಾಣುವುದು ಸಪ್ಲೈಯರ್ ವೆಬ್‌ಸೈಟಿಂದ ಇಳಿಸಿಕೊಂಡ ಮಾಡೆಲ್‌ಗಳು. ಲೀನಿಯರ್ ಗೈಡ್ ಬ್ಲಾಕ್ ತೆಗೆದುಕೊಳ್ಳಿ. ಹೊರಗಿಂದ ನೋಡಿದರೆ ಒಂದು ಪುಟ್ಟ ಉಕ್ಕಿನ ಡಬ್ಬಿ, ನಾಲ್ಕು ಟ್ಯಾಪ್ ಹೋಲ್. ಸೆಕ್ಷನ್ ತೆಗೆದು ಒಳಗೆ ನೋಡಿದರೆ ಓಡಾಡುವ ಒಂದೊಂದು ಬಾಲೂ ಪೂರ್ತಿ ಗೋಳ, ಅವು ತಿರುಗಿ ಬರುವ ಕಾಲುವೆ, ತುದಿಯ ಸೀಲ್‌ನ ತುಟಿ, ಗ್ರೀಸ್ ನಿಪ್ಪಲ್‌ನ ಸ್ಪ್ರಿಂಗ್, ಮೇಲೆ ಉಬ್ಬು ಅಕ್ಷರದಲ್ಲಿ ಬ್ರ್ಯಾಂಡ್ ಹೆಸರು. ಅಂಥ ಬ್ಲಾಕ್ ಒಂದು ಮೆಷಿನ್‌ನಲ್ಲಿ ಎಷ್ಟು ಕಡೆ ಕೂತಿರುತ್ತದೆ ಎಂದು ನೀವೇ ಎಣಿಸಿಕೊಳ್ಳಿ. ಕೇಬಲ್ ಚೈನ್, ವಾಲ್ವ್ ಮ್ಯಾನಿಫೋಲ್ಡ್, ಪ್ಯಾನೆಲ್ ಫ್ಯಾನಿನ ಜಾಲರಿ, ಹೆಣೆದ ಹೋಸ್, ನರ್ಲಿಂಗ್ ಇರುವ ಹಿಡಿಕೆ, ತೂತು ತೂತಿನ ಶೀಟ್ ಗಾರ್ಡ್ ಕೂಡ ಇದೇ ಜಾತಿ.

ಇವಕ್ಕೆ ನಾನು ಮಾಡುವುದು ಹೀಗೆ. ಮಾಡೆಲ್‌ನಲ್ಲಿ ಏನು ಉಳಿಯಬೇಕು ಎಂದು ಮೊದಲು ತೀರ್ಮಾನಿಸುತ್ತೇನೆ: ಹೊರ ಅಳತೆ, ಕೂರಿಸುವ ಮುಖಗಳು, ಬೋಲ್ಟ್ ತೂತುಗಳು, ಪೋರ್ಟ್‌ಗಳ ಜಾಗ. ಇಳಿಸಿಕೊಂಡದ್ದು ಅಸೆಂಬ್ಲಿಯಾಗಿದ್ದರೆ ಅದನ್ನು ಪಾರ್ಟ್ ಆಗಿ ಸೇವ್ ಮಾಡುವಾಗ ಎಕ್ಸ್‌ಟೀರಿಯರ್ ಫೇಸಸ್ ಆರಿಸಿದರೆ ಹೊರಮುಖಗಳಷ್ಟೇ ಉಳಿಯುತ್ತವೆ. ಹಲವು ಬಾಡಿಗಳಿರುವ ಪಾರ್ಟ್ ಆದರೆ ಒಳಗಿನವನ್ನು ಡಿಲೀಟ್ ಬಾಡಿಯಿಂದ ತೆಗೆದು, ಉಬ್ಬು ಅಕ್ಷರವನ್ನು ಡಿಲೀಟ್ ಫೇಸ್‌ನಿಂದ ಅಳಿಸುತ್ತೇನೆ. ಡಿಫೀಚರ್ ಟೂಲ್ ಕೂಡ ಇದೆ, ಆದರೆ ಕೈಯಿಂದ ಮಾಡಿದ್ದೇ ನಂಬಿಕೆಗೆ ಅರ್ಹ ಎಂಬುದು ನನ್ನ ಅಭಿಪ್ರಾಯ. ಒಳಭಾಗ ತೆಗೆದ ಮೇಲೆ ತೂಕ ಸುಳ್ಳಾಗುತ್ತದೆ. ಕ್ಯಾಟಲಾಗ್‌ನ ತೂಕವನ್ನು ಓವರ್‌ರೈಡ್ ಮಾಸ್ ಪ್ರಾಪರ್ಟೀಸ್‌ನಲ್ಲಿ ತುಂಬಲು ಮರೆಯಬೇಡಿ, ಇಲ್ಲವಾದರೆ ಸರ್ವೋ ಮೋಟರ್ ಆರಿಸುವವರ ಲೆಕ್ಕ ತಪ್ಪುತ್ತದೆ. ಥ್ರೆಡ್‌ಗೆ ಕಾಸ್ಮೆಟಿಕ್ ಥ್ರೆಡ್ (ಸುರುಳಿ ಕತ್ತರಿಸದೆ ಹಾಕುವ ಬರೀ ಗುರುತು) ಸಾಕು. ನಿಜವಾದ ಸುರುಳಿ ಬೇಕಾಗುವುದು ತ್ರೀಡಿ ಪ್ರಿಂಟ್‌ಗೆ ಕಳಿಸುವಾಗ, ಅಥವಾ ಲೀಡ್‌ಸ್ಕ್ರೂ ಥರದ್ದನ್ನು ಗಿರಾಕಿಗೆ ಚಿತ್ರದಲ್ಲಿ ತೋರಿಸುವಾಗ.

ಇಮೇಜ್ ಕ್ವಾಲಿಟಿಯ ಪಟ್ಟಿಯನ್ನು ಯಾರಾದರೂ ಬಲಗಡೆಯ ಕೆಂಪು ಭಾಗಕ್ಕೆ ಎಳೆದಿದ್ದಾರೆಯೇ ನೋಡಿ. ಅದರ ಕೆಳಗೆ, ಅಸೆಂಬ್ಲಿಯಲ್ಲಿರುವ ಎಲ್ಲ ಪಾರ್ಟ್‌ಗಳಿಗೂ ಇದನ್ನೇ ಅನ್ವಯಿಸು ಎಂಬ ಟಿಕ್ ಇದೆ. ಒಬ್ಬರು ಗಿರಾಕಿಗೆ ಚೆಂದದ ಸ್ಕ್ರೀನ್‌ಶಾಟ್ ಕಳಿಸಲು ಅದನ್ನು ಹಾಕಿದರೆ ಇಡೀ ತಂಡದ ಫೈಲ್‌ಗಳು ಭಾರವಾಗುತ್ತವೆ. ಪಾರದರ್ಶಕ ಪಾಲಿಕಾರ್ಬೊನೇಟ್ ಗಾರ್ಡ್‌ಗಳೂ ಕಾರ್ಡಿಗೆ ಹೊರೆ. ಪರ್ಫಾರ್ಮೆನ್ಸ್ ಪುಟದಲ್ಲಿ ತಿರುಗಿಸುವಾಗಿನ ಪಾರದರ್ಶಕತೆಯ ಗುಣಮಟ್ಟ ತಗ್ಗಿಸುವ ಆಯ್ಕೆ ಇದೆ, ಲೆವೆಲ್ ಆಫ್ ಡೀಟೇಲ್ ಪಟ್ಟಿಯೂ ಅಲ್ಲೇ. ನೆರಳು, ರಿಯಲ್‌ವ್ಯೂ, ಆಂಬಿಯೆಂಟ್ ಅಕ್ಲೂಶನ್ ಎಲ್ಲ ದಿನದ ಕೆಲಸಕ್ಕೆ ಬೇಡ.

ರೀಬಿಲ್ಡ್ ಮುಗಿಯದಿದ್ದರೆ

ವೆರಿಫಿಕೇಶನ್ ಆನ್ ರೀಬಿಲ್ಡ್ ಆಯ್ಕೆ ಆನ್ ಇದೆಯೇ ನೋಡಿ. ಸಂಕೀರ್ಣ ಪಾರ್ಟ್ ಪರೀಕ್ಷಿಸಲು ಅದು ಒಳ್ಳೆಯದು, ದಿನವಿಡೀ ಆನ್ ಇದ್ದರೆ ಭಾರ. ಆಮೇಲೆ ಟ್ರೀಯ ಅರ್ಧ ಸಬ್‌ಅಸೆಂಬ್ಲಿಗಳನ್ನು ಸಪ್ರೆಸ್ ಮಾಡಿ (ತಾತ್ಕಾಲಿಕವಾಗಿ ಲೆಕ್ಕದಿಂದ ಹೊರಗಿಟ್ಟು) ಕಂಟ್ರೋಲ್ ಜೊತೆ ಕ್ಯೂ ಒತ್ತಿ, ಪೂರ್ತಿ ರೀಬಿಲ್ಡ್ ಆಗುತ್ತದೆ. ಚುರುಕಾದರೆ ತಪ್ಪು ಆ ಅರ್ಧದಲ್ಲಿದೆ, ಅದನ್ನು ಮತ್ತೆ ಅರ್ಧ ಮಾಡಿ. ಇದನ್ನು ಒರಿಜಿನಲ್ ಮೇಲೆ ಮಾಡಬೇಡಿ, ಪ್ರತಿ ತೆಗೆದುಕೊಳ್ಳಿ.

ಸಿಗುವ ಕಾರಣಗಳಲ್ಲಿ ಮೊದಲನೆಯದು ಟಾಪ್ ಲೆವೆಲ್‌ನಲ್ಲಿ ಸುರಿದಿಟ್ಟ ಮೇಟ್‌ಗಳು. ಕೆಳಗಿನ ಮೆಟ್ಟಿಲಲ್ಲೇ ಮುಗಿಯಬೇಕಾದ ಜೋಡಣೆಯನ್ನು ಮೇಲೆ ತಂದು ಮಾಡಿದರೆ, ಒಂದು ಬ್ರ್ಯಾಕೆಟ್ ಸರಿಸಿದರೂ ಎಲ್ಲ ಮೇಟ್ ಒಟ್ಟಿಗೆ ಬಿಡಿಸಬೇಕಾಗುತ್ತದೆ. ಒಳಗಿನ ಭಾಗಗಳು ಓಡಾಡುವ ಹಾಗೆ ಫ್ಲೆಕ್ಸಿಬಲ್ ಮಾಡಿದ ಸಬ್‌ಅಸೆಂಬ್ಲಿ ತನ್ನ ಮೇಟ್‌ಗಳನ್ನು ಮೇಲಿನ ಲೆಕ್ಕಕ್ಕೆ ಸೇರಿಸುತ್ತದೆ. ಸಿಲಿಂಡರ್ ಓಡಾಟ ನೋಡಿ ಆದ ಮೇಲೆ ರಿಜಿಡ್‌ಗೆ ವಾಪಸ್ ತರಬೇಕು, ಯಾರೂ ತರುವುದಿಲ್ಲ.

ಎರಡನೆಯದು ಇನ್-ಕಾಂಟೆಕ್ಸ್ಟ್ ಸಂಬಂಧಗಳು (ಒಂದು ಪಾರ್ಟಿನ ಆಕಾರ ಇನ್ನೊಂದು ಪಾರ್ಟನ್ನು ಆಧರಿಸಿರುವುದು), ಟ್ರೀಯಲ್ಲಿ ಹೆಸರಿನ ಮುಂದೆ -> ಗುರುತಿರುವವು. ಇದರಲ್ಲಿ ಸುತ್ತುಬಳಸಿ ತನಗೆ ತಾನೇ ಸಿಕ್ಕಿಕೊಳ್ಳುವ ಬಗೆ ಇದೆ. ಉದಾಹರಣೆಗೆ ಫ್ರೇಮ್‌ನ ಅಂಚು ಹಿಡಿದು ಗಾರ್ಡ್ ಶೀಟಿನ ಸ್ಕೆಚ್ ಬರೆದಿರುತ್ತೀರಿ. ಆಮೇಲೆ ಬೇರೊಬ್ಬರು ಫ್ರೇಮ್‌ನ ಒಂದು ಕಂಬವನ್ನು ಅದೇ ಗಾರ್ಡಿನ ಮುಖಕ್ಕೆ ಮೇಟ್ ಮಾಡುತ್ತಾರೆ. ಈಗ ಗಾರ್ಡ್ ಕಂಬವನ್ನು ಕೇಳುತ್ತದೆ, ಕಂಬ ಗಾರ್ಡನ್ನು ಕೇಳುತ್ತದೆ. ಲಕ್ಷಣ ಸ್ಪಷ್ಟ: ಎಷ್ಟು ಸಲ ರೀಬಿಲ್ಡ್ ಮಾಡಿದರೂ ಟ್ರೀಯ ರೀಬಿಲ್ಡ್ ಗುರುತು ಹೋಗುವುದಿಲ್ಲ, ಕೆಲವೊಮ್ಮೆ ಪ್ರತಿ ರೀಬಿಲ್ಡ್‌ಗೂ ಒಂದು ಅಳತೆ ಚೂರು ಚೂರೇ ಸರಿಯುತ್ತಾ ಹೋಗುತ್ತದೆ. ಪರ್ಫಾರ್ಮೆನ್ಸ್ ಇವ್ಯಾಲ್ಯುಯೇಷನ್ ಇಂಥ ಸುತ್ತು ಸಂಬಂಧವನ್ನು ಗುರುತಿಸಿ ಹೇಳುತ್ತದೆ. ಕಂಬವನ್ನು ಫ್ರೇಮ್‌ನ ಪ್ಲೇನ್‌ಗೆ ಮೇಟ್ ಮಾಡಿ ಸುತ್ತು ಬಿಡಿಸಿ. ಡಿಸೈನ್ ಮುಗಿದ ಘಟಕಗಳ ಎಕ್ಸ್‌ಟರ್ನಲ್ ರೆಫರೆನ್ಸ್‌ಗಳನ್ನು ಲಾಕ್ ಮಾಡಿ. ಗುರುತು ->* ಆಗುತ್ತದೆ, ಮೇಲಿನ ಬದಲಾವಣೆ ಅದಕ್ಕೆ ತಟ್ಟುವುದಿಲ್ಲ.

ಫಿಲ್ಟರ್ ಮಾಡಿದರೂ ಹಗುರವಾಗದಿದ್ದರೆ

ಇದೇ ಅತಿ ಹೆಚ್ಚು ಗೊಂದಲ ಇರುವ ಜಾಗ. "ನ್ಯೂಮ್ಯಾಟಿಕ್ಸ್ ಎಲ್ಲ ಹೈಡ್ ಮಾಡಿದ್ದೀನಿ, ಆದರೂ ಸ್ಲೋ" ಎನ್ನುತ್ತಾರೆ. ಕಾಣದಂತೆ ಮಾಡುವುದಕ್ಕೆ ಮೂರು ದಾರಿಗಳಿವೆ, ಮೂರರ ಪರಿಣಾಮ ಒಂದೇ ಅಲ್ಲ.

ಹೈಡ್ ಮಾಡಿದ ಪಾರ್ಟ್ ಮೆಮೊರಿಯಲ್ಲೇ ಇರುತ್ತದೆ, ಅದರ ಮೇಟ್‌ಗಳ ಲೆಕ್ಕ ನಡೆಯುತ್ತಲೇ ಇರುತ್ತದೆ, ಬಿಓಎಂನಲ್ಲಿ (ಮೆಷಿನ್‌ಗೆ ಬೇಕಾದ ಭಾಗಗಳ ಪಟ್ಟಿ) ಸಾಲು ಹಾಗೇ ಇರುತ್ತದೆ. ತಿರುಗಿಸುವಾಗ ಮಾತ್ರ ಹಗುರ. ಸಪ್ರೆಸ್ ಮಾಡಿದರೆ ಪಾರ್ಟ್ ಲೆಕ್ಕದಿಂದಲೇ ಹೊರಗೆ, ಮೇಟ್‌ಗಳೂ ಹೊರಗೆ. ಅದಕ್ಕೆ ಅಂಟಿಕೊಂಡು ನಿಂತಿದ್ದ ಬೇರೆ ಪಾರ್ಟ್‌ಗಳು ಹಿಡಿತ ತಪ್ಪಿ ತೇಲಾಡತೊಡಗುತ್ತವೆ. ಆ ಕಾನ್ಫಿಗರೇಶನ್‌ನ (ಒಂದೇ ಫೈಲಿನೊಳಗೆ ಉಳಿಸಿಟ್ಟ ಒಂದು ರೂಪ) ಬಿಓಎಂನಿಂದ ಸಾಲೂ ಮಾಯ. ಭಾರ ಇಳಿಸಲೆಂದು ಬೋಲ್ಟ್‌ಗಳನ್ನು ಸಪ್ರೆಸ್ ಮಾಡಿಟ್ಟು, ಅದೇ ಕಾನ್ಫಿಗರೇಶನ್‌ನಿಂದ ಬಿಓಎಂ ತೆಗೆದು ಪರ್ಚೇಸ್‌ಗೆ ಕಳಿಸಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಹಗುರ ಮಾಡಿದ್ದಕ್ಕೆ ಪ್ರತ್ಯೇಕ ಕಾನ್ಫಿಗರೇಶನ್ ಇರಲಿ, ಡ್ರಾಯಿಂಗ್ ಮತ್ತು ಬಿಓಎಂ ಯಾವಾಗಲೂ ಪೂರ್ತಿ ಇರುವುದಕ್ಕೇ ಕಟ್ಟಿಕೊಂಡಿರಲಿ.

ಮೂರನೆಯ ದಾರಿ ಲೋಡ್ ಮಾಡದೇ ಇರುವುದು. ಓಪನ್ ಪೆಟ್ಟಿಗೆಯಲ್ಲಿ ಅಸೆಂಬ್ಲಿ ಆರಿಸಿದಾಗ ಕೆಳಗೆ ಕಾನ್ಫಿಗರೇಶನ್, ಡಿಸ್‌ಪ್ಲೇ ಸ್ಟೇಟ್ ಕಾಣುತ್ತವೆ. ಪಕ್ಕದಲ್ಲಿ, ಹೈಡ್ ಆದ ಕಾಂಪೊನೆಂಟ್‌ಗಳನ್ನು ಲೋಡ್ ಮಾಡಬೇಡ ಎಂಬ ಟಿಕ್ ಇದೆ. ಅದನ್ನು ಹಾಕಿದರೆ ಆ ಡಿಸ್‌ಪ್ಲೇ ಸ್ಟೇಟ್‌ನಲ್ಲಿ ಕಾಣುವವಷ್ಟೇ ಮೆಮೊರಿಗೆ ಬರುತ್ತವೆ. ಅಂದರೆ ನೀವು ಒಂದು ಸಲ ಕೂತು "ಬರೀ ಫ್ರೇಮ್", "ಫ್ರೇಮ್ ಮತ್ತು ಕನ್ವೇಯರ್", "ಗಾರ್ಡಿಂಗ್" ಎಂದು ಡಿಸ್‌ಪ್ಲೇ ಸ್ಟೇಟ್‌ಗಳನ್ನು ಮಾಡಿಟ್ಟರೆ, ನಾಳೆಯಿಂದ ಬೇಕಾದ ತುಂಡನ್ನೇ ತೆರೆಯಬಹುದು. ಡಿಸ್‌ಪ್ಲೇ ಸ್ಟೇಟ್‌ಗೆ ಖರ್ಚು ಬಹಳ ಕಡಿಮೆ. ಕಾಣುವುದು, ಬಣ್ಣ, ಪಾರದರ್ಶಕತೆ ಇಂಥವಷ್ಟೇ ಅದರಲ್ಲಿ ಬದಲಾಗುವುದು, ಜ್ಯಾಮಿತಿ ಮುಟ್ಟುವುದಿಲ್ಲ. ಬರೀ ತೋರಿಸಿ ಮರೆಮಾಡಲು ಕಾನ್ಫಿಗರೇಶನ್ ಸೃಷ್ಟಿಸುವವರು ಫೈಲನ್ನು ಸುಮ್ಮನೆ ಊದಿಸುತ್ತಿದ್ದಾರೆ.

ಅಸೆಂಬ್ಲಿ ತೆರೆಯುವುದೇ ಆಗದ ಸ್ಥಿತಿಗೆ ಹೋಗಿದ್ದರೆ, ಅದೇ ಪೆಟ್ಟಿಗೆಯ ಕಾನ್ಫಿಗರೇಶನ್ ಪಟ್ಟಿಯಲ್ಲಿ ಅಡ್ವಾನ್ಸ್ಡ್ ಎಂಬುದನ್ನು ಆರಿಸಿ. ಅಸೆಂಬ್ಲಿಯ ರಚನೆ ಮಾತ್ರ ತೋರಿಸುವ ಹೊಸ ಕಾನ್ಫಿಗರೇಶನ್ ಎಂಬ ಆಯ್ಕೆ ಬರುತ್ತದೆ. ಎಲ್ಲ ಸಪ್ರೆಸ್ ಆಗಿ ಟ್ರೀಯ ಎಲುಬು ಮಾತ್ರ ತೆರೆದುಕೊಳ್ಳುತ್ತದೆ. ಅಲ್ಲಿಂದ ಬೇಕಾದ ಸಬ್‌ಅಸೆಂಬ್ಲಿಗಳನ್ನು ಒಂದೊಂದಾಗಿ ಎಬ್ಬಿಸಿ. ಕೆಟ್ಟ ಫೈಲ್ ಯಾವುದು ಎಂದು ಹಿಡಿಯಲೂ ಇದೇ ದಾರಿ. ಇಲ್ಲೇ ಇನ್ನೊಂದು ಅನುಕೂಲ: ನಿಗದಿತ ಹೆಸರಿನ ಕಾನ್ಫಿಗರೇಶನ್ ಇರುವ ಕಡೆಯೆಲ್ಲ ಅದನ್ನೇ ಬಳಸು ಎಂದು ಹೇಳಬಹುದು. ಪ್ರತಿ ದೊಡ್ಡ ಪಾರ್ಟ್ ಮತ್ತು ಸಬ್‌ಅಸೆಂಬ್ಲಿಯಲ್ಲಿ "ಸಿಂಪಲ್" ಎಂಬ ಒಂದೇ ಹೆಸರಿನಲ್ಲಿ ಹಗುರ ಕಾನ್ಫಿಗರೇಶನ್ ಇದ್ದರೆ ಇಡೀ ಮೆಷಿನ್ ಒಂದೇ ಏಟಿಗೆ ಹಗುರವಾಗಿ ತೆರೆಯುತ್ತದೆ. ಒಬ್ಬರು "ಸಿಂಪಲ್", ಇನ್ನೊಬ್ಬರು "ಸಿಂಪಲ್1", ಮತ್ತೊಬ್ಬರು "ಲೈಟ್" ಎಂದಿಟ್ಟಿದ್ದರೆ ಇದು ಕೆಲಸ ಮಾಡುವುದಿಲ್ಲ.

ಹೆಸರಿನ ಶಿಸ್ತಿನ ಈ ಮಾತು ಹುಡುಕಾಟಕ್ಕೆ ಇನ್ನೂ ಹೆಚ್ಚು ಅನ್ವಯಿಸುತ್ತದೆ. ಟ್ರೀಯ ನೆತ್ತಿಯಲ್ಲಿರುವ ಫಿಲ್ಟರ್ ಪೆಟ್ಟಿಗೆಗೆ ಒಂದು ಪದ ಹಾಕಿದರೆ ಹೆಸರು, ವಿವರಣೆ, ಕಸ್ಟಮ್ ಪ್ರಾಪರ್ಟಿ (ಫೈಲಿಗೆ ನಾವೇ ತುಂಬುವ ಮಾಹಿತಿ) ಎಲ್ಲದರಲ್ಲೂ ಹುಡುಕುತ್ತದೆ. ಅದರ ಬಾಣದ ಮೆನುವಿನಲ್ಲಿ ಫಿಲ್ಟರ್ ಗ್ರಾಫಿಕ್ಸ್ ವ್ಯೂ ಆನ್ ಮಾಡಿದರೆ ಪರದೆಯಲ್ಲೂ ಸಿಕ್ಕಿದವಷ್ಟೇ ಉಳಿಯುತ್ತವೆ. ಪದ ಅಳಿಸಿದರೆ ಎಲ್ಲ ವಾಪಸ್. ಇದು ಕಣ್ಣಿನ ಅನುಕೂಲಕ್ಕೆ, ಮೆಮೊರಿ ಇಳಿಯುವುದಿಲ್ಲ. ಗಟ್ಟಿ ನಿಯಮ ಬೇಕಿದ್ದರೆ ಸೆಲೆಕ್ಟ್ ಮೆನುವಿನ ಅಡ್ವಾನ್ಸ್ಡ್ ಸೆಲೆಕ್ಟ್ ಇದೆ. ಪ್ರಾಪರ್ಟಿ ಇಂಥದ್ದು, ವ್ಯಾಲ್ಯೂ ಇಂಥದ್ದು, ಮತ್ತು, ಅಥವಾ ಎಂದು ಸಾಲು ಸೇರಿಸಿ, ಆ ಹುಡುಕಾಟವನ್ನೇ ಹೆಸರಿಟ್ಟು ಉಳಿಸಿಕೊಳ್ಳಬಹುದು. ಸಿಕ್ಕವನ್ನು ಒಟ್ಟಿಗೆ ಹೈಡ್ ಮಾಡಿ ಡಿಸ್‌ಪ್ಲೇ ಸ್ಟೇಟ್ ಆಗಿ ಉಳಿಸಿದರೆ ಮೇಲೆ ಹೇಳಿದ ಲೋಡ್ ಮಾಡದ ದಾರಿಗೆ ಕೊಂಡಿ ಬೀಳುತ್ತದೆ.

ಫಿಲ್ಟರ್ ಹಾಕಿದರೂ ಕೆಲವು ಪಾರ್ಟ್ ತಪ್ಪಿಸಿಕೊಳ್ಳುತ್ತಿವೆಯೇ? ಎರಡು ಕಡೆ ನೋಡಿ. ಪ್ರಾಪರ್ಟಿಯ ವ್ಯಾಲ್ಯೂನಲ್ಲಿ "ಫಾಸ್ಟನರ್", "ಫಾಸ್ಟನರ್ಸ್", "ಹಾರ್ಡ್‌ವೇರ್", "ಬಿಓ" ಎಂದು ನಾಲ್ಕು ಜನ ನಾಲ್ಕು ಥರ ತುಂಬಿರುತ್ತಾರೆ, ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಸ್ಪೇಸ್ ಬೇರೆ. ಟೈಪ್ ಮಾಡಲು ಬಿಡದೆ, ಪಟ್ಟಿಯಿಂದ ಆರಿಸುವ ಹಾಗೆ ಪ್ರಾಪರ್ಟಿ ಟ್ಯಾಬ್ ಮಾಡಿಕೊಟ್ಟರೆ ಈ ರೋಗ ನಿಲ್ಲುತ್ತದೆ. ಎರಡನೆಯದು, ಪ್ರಾಪರ್ಟಿಗೆ ಎರಡು ಮನೆ ಇವೆ, ಇಡೀ ಫೈಲಿನದು ಒಂದು, ಕಾನ್ಫಿಗರೇಶನ್‌ನದು ಇನ್ನೊಂದು. ಒಂದರಲ್ಲಿ ಹೊಸ ವ್ಯಾಲ್ಯೂ, ಇನ್ನೊಂದರಲ್ಲಿ ಹಳೆಯದು ಕೂತಿದ್ದರೆ ಹುಡುಕಾಟ ಮತ್ತು ಬಿಓಎಂ ಬೇರೆ ಬೇರೆ ಉತ್ತರ ಕೊಡುತ್ತವೆ. ತಪ್ಪಿಸಿಕೊಂಡ ಒಂದು ಪಾರ್ಟ್ ತೆರೆದು ಎರಡೂ ಟ್ಯಾಬ್ ನೋಡಿದರೆ ಗೊತ್ತಾಗುತ್ತದೆ.

ಅಕ್ಕಪಕ್ಕದ ಮೆಷಿನ್‌ಗಳನ್ನು ಲೇಔಟ್‌ನಲ್ಲಿ ಕೂರಿಸುವಾಗ ಸ್ಪೀಡ್‌ಪ್ಯಾಕ್ ನೆನಪಿಡಿ. ಜೋಡಣೆಗೆ ಬೇಕಾದ ಕೆಲವೇ ಮುಖಗಳನ್ನು ನಿಜವಾಗಿ ಇಟ್ಟುಕೊಂಡು ಉಳಿದದ್ದನ್ನು ಬರೀ ಚಿತ್ರವಾಗಿ ಇಡುತ್ತದೆ. ಕರ್ಸರ್ ಹತ್ತಿರ ಒಯ್ದಾಗ ಸುತ್ತಲಿನ ಭಾಗ ಮಾಯವಾದಂತೆ ಕಂಡರೆ ಅದು ದೋಷವಲ್ಲ. ಆ ಭಾಗ ಚಿತ್ರ ಮಾತ್ರ, ಹಿಡಿಯಲು ಸಿಗುವುದಿಲ್ಲ ಎಂದು ಸಾಫ್ಟ್‌ವೇರ್ ಹೇಳುವ ರೀತಿ.

ರ‍್ಯಾಮ್ ಖಾಲಿಯಿದ್ದೂ ಮುಚ್ಚಿಕೊಂಡರೆ

ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್ ಟ್ಯಾಬ್‌ನಲ್ಲಿ ಜಿಡಿಐ ಆಬ್ಜೆಕ್ಟ್ಸ್ (ಪರದೆಯ ಮೇಲೆ ಚಿತ್ರ ಬಿಡಿಸಲು ಪ್ರೋಗ್ರಾಮ್ ಬಳಸುವ ವಿಂಡೋಸ್ ಸಾಮಗ್ರಿ) ಕಾಲಂ ಹಾಕಿ. ಒಂದು ಪ್ರೋಗ್ರಾಮ್‌ಗೆ ವಿಂಡೋಸ್ ಸಾಮಾನ್ಯವಾಗಿ ಕೊಡುವ ಮಿತಿ 10,000. ಬೆಳಗಿಂದ ಅಸೆಂಬ್ಲಿ, ಡ್ರಾಯಿಂಗ್, ಪಾರ್ಟ್ ವಿಂಡೋಗಳನ್ನು ಮುಚ್ಚದೆ ಒಂದರ ಮೇಲೊಂದು ತೆರೆಯುತ್ತಾ ಹೋದರೆ ಸಂಜೆ ಹೊತ್ತಿಗೆ ಆ ಸಂಖ್ಯೆ ಹತ್ತಿರ ಬಂದು ಪ್ರೋಗ್ರಾಮ್ ಬೀಳುತ್ತದೆ. ಊಟಕ್ಕೆ ಹೋಗುವಾಗ ಒಮ್ಮೆ ಮುಚ್ಚಿ ತೆರೆದರೆ ಸಾಕು. ಮಿತಿ ಹೆಚ್ಚಿಸುವ ರಿಜಿಸ್ಟ್ರಿ ತಂತ್ರಗಳನ್ನು ನಾನು ಸಲಹೆ ಮಾಡುವುದಿಲ್ಲ.

ಬೇರೆ ಸಾಫ್ಟ್‌ವೇರ್ ಬಳಸುವವರಿಗೆ

ವಿಚಾರ ಅದೇ, ಹೆಸರು ಬೇರೆ. ಕ್ಯಾಟಿಯಾ ವಿ5ರಲ್ಲಿ ಕ್ಯಾಶ್ ವ್ಯವಸ್ಥೆ ಆನ್ ಮಾಡಿದರೆ ಪಾರ್ಟ್‌ಗಳು ಸಿಜಿಆರ್ ಚಿತ್ರವಾಗಿ ಬರುತ್ತವೆ, ಬೇಕಾದ್ದನ್ನು ಮಾತ್ರ ಡಿಸೈನ್ ಮೋಡ್‌ಗೆ ತಂದುಕೊಳ್ಳಬೇಕು. ಎನ್‌ಎಕ್ಸ್‌ನಲ್ಲಿ ರೆಫರೆನ್ಸ್ ಸೆಟ್ ಮತ್ತು ಲೋಡ್ ಆಪ್ಷನ್ಸ್. ಕ್ರಿಯೋದಲ್ಲಿ ಸಿಂಪ್ಲಿಫೈಡ್ ರೆಪ್. ಗಿರಾಕಿ ಬೇರೆ ಸಾಫ್ಟ್‌ವೇರ್‌ನವರಾದರೆ, ಬರೀ ನೋಡುವುದಕ್ಕೆ ಜೆಟಿ ಫೈಲ್ ಕೇಳಿ ಪಡೆಯಿರಿ. ಅದು ಐಎಸ್‌ಒ 14306 ಮಾನದಂಡ, ಒಂದೇ ಪಾರ್ಟಿನ ಒರಟು ಮತ್ತು ನಯವಾದ ರೂಪಗಳನ್ನು ಒಟ್ಟಿಗೆ ಇಟ್ಟುಕೊಳ್ಳಬಲ್ಲದು, ದೂರದಿಂದ ನೋಡುವಾಗ ಒರಟು ರೂಪವೇ ಸಾಕಾಗುತ್ತದೆ.

ಇಷ್ಟಾದರೂ ಬಗೆಹರಿಯದಿದ್ದರೆ

ಸಪೋರ್ಟ್‌ಗೆ ಫೋನ್ ಮಾಡುವ ಮುಂಚೆ ಇವನ್ನು ಕೈಯಲ್ಲಿಟ್ಟುಕೊಳ್ಳಿ: ಪರ್ಫಾರ್ಮೆನ್ಸ್ ಇವ್ಯಾಲ್ಯುಯೇಷನ್‌ನ ವರದಿ, ತ್ರಿಕೋನದ ಕಾಲಂ ಇಳಿಕೆ ಕ್ರಮದಲ್ಲಿರುವ ಒಂದು ಸ್ಕ್ರೀನ್‌ಶಾಟ್, ಸರ್ವರ್‌ನಿಂದ ಮತ್ತು ಲೋಕಲ್‌ನಿಂದ ತೆರೆದಾಗಿನ ಸಮಯ, ಸಾಲಿಡ್‌ವರ್ಕ್ಸ್ ಆರ್‌ಎಕ್ಸ್‌ನಿಂದ (ತೊಂದರೆ ದಾಖಲಿಸುವ, ಸಾಲಿಡ್‌ವರ್ಕ್ಸ್‌ನದೇ ಪ್ರೋಗ್ರಾಮ್) ತೆಗೆದ ಫೈಲ್. ಆರ್‌ಎಕ್ಸ್ ಓಡಿಸುವಾಗ ಕ್ಯಾಪ್ಚರ್ ಒತ್ತಿ, ತೊಂದರೆ ಕೊಡುವ ಕೆಲಸವನ್ನು ಒಮ್ಮೆ ಮಾಡಿ ತೋರಿಸಿ ನಿಲ್ಲಿಸಬೇಕು. ಬರೀ ಸಿಸ್ಟಮ್ ಮಾಹಿತಿ ಕಳಿಸಿದರೆ ಆ ಕಡೆಯವರು ಡ್ರೈವರ್ ಅಪ್‌ಡೇಟ್ ಮಾಡಿ ಎಂದು ಹೇಳಿ ಟಿಕೆಟ್ ಮುಚ್ಚುತ್ತಾರೆ. ಗಿರಾಕಿಯ ಡಿಸೈನ್ ಹೊರಗೆ ಕಳಿಸಲು ಅನುಮತಿ ಇಲ್ಲದಿದ್ದರೆ ಪ್ಯಾಕ್ ಅಂಡ್ ಗೋ ಬೇಡ, ತೊಂದರೆ ಕಾಣುವ ಒಂದೇ ಸಬ್‌ಅಸೆಂಬ್ಲಿಯನ್ನು ಬೇರ್ಪಡಿಸಿ, ಹೆಸರು ಬದಲಿಸಿ ಅದನ್ನಷ್ಟೇ ಕಳಿಸಿ.